ರೈಲುದಾರಿಯ ರಾಕ್ ಅಂಡ್ ರೋಲ್

ಕಳೆದ ರಾಜ್ಯೋತ್ಸವದ ದಿನ ನಮ್ಮ ಹುಡುಗರು ಗಿಟಾರ್ ಹಿಡಿದು ವೇದಿಕೆ ಹತ್ತಿದರು. ನಾಲ್ಕು ಸಲ ತಂತಿ ಮೀಟಿದ್ದರೋ ಇಲ್ಲವೋ, ಹಿರಿಯರೊಬ್ಬರು "ಇದೇನ್ರೀ ಪರದೇಶದ ಗಲಾಟೆ! ನಮಗೂ ಇದಕ್ಕೂ ಏನು ಸಂಬಂಧ?" ಎಂದು ಎದ್ದು ಹೊರಟೇಬಿಟ್ಟರು. ಅಂದು ಅವರನ್ನು ತಡೆದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇವೆ.

ಸಂಬಂಧ ಇದೆ. ಮೊದಲನೆಯದಾಗಿ, ಇದು ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟವರ ಸಂಗೀತ. ಅಮೆರಿಕದ ದಕ್ಷಿಣ ಸೀಮೆಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ, ಮೊದಲ ಮಹಾಯುದ್ಧದ ಕಾಲದಿಂದ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ರೈಲು ಹತ್ತಿ ಷಿಕಾಗೋ, ಡೆಟ್ರಾಯಿಟ್‌ಗಳಿಗೆ ಹೋದರು. ಗಂಟುಮೂಟೆಯೊಡನೆ ಬ್ಲೂಸ್ ಎಂಬ ತಮ್ಮ ಅಳಲಿನ ಹಾಡನ್ನೂ ಒಯ್ದರು. 1943ರಲ್ಲಿ ಮಿಸಿಸಿಪಿಯಿಂದ ಷಿಕಾಗೋ ಸೇರಿದ ಮಡ್ಡಿ ವಾಟರ್ಸ್‌ಗೆ ಅಲ್ಲಿನ ಕ್ಲಬ್ಬುಗಳ ಗದ್ದಲದಲ್ಲಿ ಮಾಮೂಲಿ ಗಿಟಾರಿನ ದನಿ ಸಾಲದಾಯಿತು. ವಿದ್ಯುತ್ ಗಿಟಾರ್ ಕೈಗೆತ್ತಿಕೊಂಡರು. ಹಿರಿಯರ ಕಿವಿಗೆ ಬಡಿದ ಆ 'ಗಲಾಟೆ'ಯ ಮೂಲ ಇಷ್ಟೆ. ಇತ್ತ ಚರ್ಚಿನ ಭಕ್ತಿಗೀತೆಗೇ ವಿದ್ಯುತ್ ಗಿಟಾರ್ ಜೋಡಿಸಿದ್ದಾಕೆ ಸಿಸ್ಟರ್ ರೊಸೆಟಾ ಥಾರ್ಪ್. ಬಿಳಿಯ ಹಳ್ಳಿಗರ ಪಿಟೀಲು ಹಾಡುಗಳೂ ಇದರೊಳಗೆ ಬೆರೆತವು. 1951ರಿಂದ ಕ್ಲೀವ್‌ಲೆಂಡಿನ ರೇಡಿಯೋದಲ್ಲಿ ಇಂಥ ರೆಕಾರ್ಡುಗಳನ್ನು ರಾತ್ರಿ ಹೊತ್ತು ಹಾಕುತ್ತಿದ್ದ ಅಲನ್ ಫ್ರೀಡ್, ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಮನೆಮಾತು ಮಾಡಿದ.

ಆದರೆ ಹಾಡಿದವರೊಬ್ಬರು, ಉಂಡವರು ಇನ್ನೊಬ್ಬರು. 'ಹೌಂಡ್ ಡಾಗ್' ಹಾಡನ್ನು 1952ರಲ್ಲಿ ಮೊದಲು ಧ್ವನಿಮುದ್ರಿಸಿದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಅದರಿಂದ ತಮಗೆ ದಕ್ಕಿದ್ದು 500 ಡಾಲರಿನ ಒಂದು ಚೆಕ್ಕು ಮಾತ್ರ ಎಂದು ಆಕೆ ಹೇಳಿಕೊಂಡಿದ್ದಾರೆ. 1956ರಲ್ಲಿ ಅದನ್ನೇ ಹಾಡಿದ ಎಲ್ವಿಸ್ ಪ್ರೀಸ್ಲಿ ಜಗತ್ಪ್ರಸಿದ್ಧನಾದ. ಚಕ್ ಬೆರಿ 1955ರಲ್ಲಿ ಹಾಡಿದ 'ಮೇಬಲೀನ್'ಗೆ ಒಂದಕ್ಷರವನ್ನೂ ಬರೆಯದ ಅಲನ್ ಫ್ರೀಡನ ಹೆಸರನ್ನು ಕರ್ತೃಗಳ ಸಾಲಿನಲ್ಲಿ ಸೇರಿಸಿದ್ದರು. ಪೂರ್ಣ ಹಕ್ಕು ಬೆರಿಗೆ ಮರಳಿದ್ದು 1986ರಲ್ಲಿ. ಎಲ್ವಿಸ್ ಕಂಠದ ಬಗ್ಗೆ ನಮ್ಮ ತಕರಾರಿಲ್ಲ. ಲೆಕ್ಕ ಮಾತ್ರ ಸರಿಯಾಗಿರಬೇಕು.

ಇನ್ನು ನಮ್ಮ ಈ ಕರಾವಳಿಗೆ ಬರೋಣ. ಹೌರಾದಿಂದ ವಾಲ್ಟೇರ್, ಬೆಜವಾಡ ಹಾದು ಮದರಾಸಿಗೆ ಹೋಗುವ ರೈಲುದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿದ್ಧವಾಯಿತು. ಬೆಂಗಾಲ್ ನಾಗಪುರ ರೈಲ್ವೆಗೂ ಮದರಾಸು ಕಡೆಯ ರೈಲ್ವೆಗೂ ವಾಲ್ಟೇರೇ ಕೂಡಲ. ಈ ದಾರಿಯುದ್ದಕ್ಕೂ ರೈಲ್ವೆ ಕಾಲೊನಿಗಳಲ್ಲಿ ಡ್ರೈವರು, ಗಾರ್ಡುಗಳಾಗಿದ್ದ ಆಂಗ್ಲೋ ಇಂಡಿಯನ್ ಮನೆತನಗಳಿದ್ದವು. ಪಾಶ್ಚಾತ್ಯ ಹಾಡು, ಕುಣಿತ ಅವರಿಗೆ ಮನೆಯ ವಿಷಯ. ಸ್ವಾತಂತ್ರ್ಯಾನಂತರ ಬಹಳ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟುಹೋದರು.

ಈ ದಾರಿಯ ಎರಡು ತುದಿಗಳನ್ನು ನೋಡಿ. ಹೌರಾದಲ್ಲಿ ರೈಲ್ವೆಗೆ ಊಟೋಪಚಾರ ಒದಗಿಸುವ ಗುತ್ತಿಗೆ ಕಂಪನಿಯಲ್ಲಿದ್ದ ರೋಜರ್ ವೆಬ್ಬರ ಮಗ ಹ್ಯಾರಿ, 1940ರಲ್ಲಿ ಲಕ್ನೋದಲ್ಲಿ ಹುಟ್ಟಿದವನು. 1948ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಅವನೇ ಮುಂದೆ ಕ್ಲಿಫ್ ರಿಚರ್ಡ್ ಆಗಿ 1958ರಲ್ಲಿ 'ಮೂವ್ ಇಟ್' ಹಾಡಿದ. ಬ್ರಿಟನ್ನಿನ ಮೊದಲ ನಿಜವಾದ ರಾಕ್ ಹಾಡು ಇದೇ ಎನ್ನುವವರು ಬಹಳ. ಇನ್ನೊಂದು ತುದಿ ಮದರಾಸು. ಅಲ್ಲಿ 1941ರಲ್ಲಿ ಹುಟ್ಟಿದ ಪೀಟ್ ಬೆಸ್ಟ್ ಬೀಟಲ್ಸ್ ತಂಡಕ್ಕೆ ಡ್ರಮ್ಮು ಬಾರಿಸಿದ. ಪಾಪ, ತಂಡ ಹೆಸರು ಮಾಡುವ ಹೊತ್ತಿಗೆ, 1962ರಲ್ಲಿ, ಅವನನ್ನು ಕೈಬಿಟ್ಟರು.

ನಮ್ಮವರ ಕಿವಿಗೆ ಇದು ಬಿದ್ದದ್ದು ಸಿನಿಮಾ ಮೂಲಕ. 1952ರಲ್ಲಿ ಸಚಿವ ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕತ್ತರಿ ಹಾಕಿದಾಗ ಜನ ರೇಡಿಯೋ ಸಿಲೋನ್ ಹಿಡಿದರು. 1957ರ 'ಆಶಾ' ಚಿತ್ರದಲ್ಲಿ ಸಿ. ರಾಮಚಂದ್ರ 'ಈನಾ ಮೀನಾ ಡೀಕಾ' ಕೊಟ್ಟರು. ನಮ್ಮ ಬೆಂಗಳೂರಿನಲ್ಲಿ ಗಿಟಾರ್ ಹಿಡಿದು ಬೆಳೆದ ಕೊಡವ ಹುಡುಗ ಬಿದ್ದು ಲಂಡನ್ನಿಗೆ ಹೋಗಿ 1974ರಲ್ಲಿ 'ಕುಂಗ್ ಫೂ ಫೈಟಿಂಗ್' ನಿರ್ಮಿಸಿ ಜಗತ್ತನ್ನೇ ಕುಣಿಸಿದರು.

ಕನ್ನಡಕ್ಕೂ ಈ ಗಾಳಿ ಬೀಸಿತು. ಒರಿಸ್ಸಾದಿಂದ ಬಂದು ಕನ್ನಡದವರೇ ಆಗಿಹೋದ ಉಪೇಂದ್ರ ಕುಮಾರ್ 1978ರ 'ಶಂಕರ್ ಗುರು' ಚಿತ್ರಕ್ಕೆ ಇಂಗ್ಲಿಷ್ ಪಲ್ಲವಿಯ ಹಾಡೊಂದಕ್ಕೆ ರಾಗ ಹಾಕಿದರು. ಹಾಡಿದವರು ಸಾಕ್ಷಾತ್ ರಾಜಕುಮಾರ್. ನಮ್ಮ ಹುಡುಗರು ಅಂದು ಶುರುಮಾಡಿದ್ದು ಅದನ್ನೇ. ಹಿರಿಯರು ಇನ್ನೆರಡು ನಿಮಿಷ ಕೂತಿದ್ದರೆ, ಅಣ್ಣಾವ್ರ ಹಾಡೆಂದು ತಾವೇ ತಾಳ ಹಾಕುತ್ತಿದ್ದರು.