ಬೆಳೆ ಕಾಯುವ ಕೋವಿಗೆ ಲೈಸೆನ್ಸ್ ಇದ್ದರೆ ಕರಡಿ ಹೊಡೆಯಬಹುದೇ?

ಇಲ್ಲ. ಗ್ರಿಜ್ಲಿ ಬೇಟೆಗೆ ಯಾವ ರೈಫಲ್ ಒಳ್ಳೆಯದು ಎನ್ನುವ ವಿಡಿಯೊಗಳು ಅಲಾಸ್ಕಾದವರಿಗೆ. ಅಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು. ವಿಜಯಪುರದ ದ್ರಾಕ್ಷಿ ತೋಟದವರ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ನಾವು ಕಾಯ್ದೆಯನ್ನೇ ತೆಗೆದು ನೋಡಿದೆವು. ನಮ್ಮ ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬೆಳೆ ಹಾಳಾಯಿತು ಎಂದರೂ ವಿನಾಯಿತಿ ಇಲ್ಲ.

ಕರಡಿ ಮೈಮೇಲೆ ಬಿದ್ದು, ಪ್ರಾಣ ಉಳಿಸಿಕೊಳ್ಳಲು ಕೊಂದರೆ? ಅದು ಅಪರಾಧವಲ್ಲ. ಫಾರ್ವರ್ಡ್ ಮಾಡುವವರು ಇದನ್ನಷ್ಟೇ ಹೇಳುತ್ತಾರೆ. ಮುಂದಿನ ಮಾತು ಅದೇ 11ನೇ ಕಲಮಿನಲ್ಲಿದೆ: ಬೇಟೆಗೆಂದೇ ಹೊರಟವರಿಗೆ ಈ ರಕ್ಷಣೆ ಸಿಗದು. ಸತ್ತ ಕರಡಿಯೂ ಸರ್ಕಾರದ ಸ್ವತ್ತು. ಉಗುರನ್ನೂ ಮುಟ್ಟದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.