ಊರು ಕೇಳಿದ ಪ್ರಶ್ನೆ

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ನಿಮಗೆಲ್ಲ ಪರಿಚಿತವಷ್ಟೆ. ಅದಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ನೆಲದ ಸೂಕ್ಷ್ಮಜೀವಿಗಳು ತಯಾರಿಸುತ್ತವೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಅವುಗಳ ವಂಶವಾಹಿಯನ್ನು ಬೇರೊಂದು ಬ್ಯಾಕ್ಟೀರಿಯಕ್ಕೆ ಸೇರಿಸಿ, ಅದರಿಂದ ಆ ಕಂಪನ್ನು ಹೊರಡಿಸಲು ತೊಡಗಿದರು. ಐಜೆಮ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗಾಗಿ ಕೈಗೊಂಡ ಕೆಲಸವದು.

ಜೀವಿಯನ್ನೇ ತಿದ್ದುವ ವಿದ್ಯೆ ಎಳೆಯರ ಕೈಗೆ ಬರಬಹುದೆ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ ಅದು. ಅದಕ್ಕೊಂದು ಚರಿತ್ರೆಯೂ ಉಂಟು.

1976ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇಂಥ ಪ್ರಯೋಗಗಳಿಗಾಗಿ ವಿಶೇಷ ಪ್ರಯೋಗಶಾಲೆಯೊಂದನ್ನು ಕಟ್ಟಹೊರಟಿತು. ಮೇಯರ್ ಆಲ್‌ಫ್ರೆಡ್ ವೆಲ್ಲೂಚಿ ವಿದ್ವಾಂಸರನ್ನು ನಗರಸಭೆಗೆ ಕರೆಸಿ, ಜನಕ್ಕೆ ತಿಳಿಯುವ ಮಾತಿನಲ್ಲಿ ವಿವರಿಸಿರೆಂದರು. ಪ್ರಯೋಗಕ್ಕೆ ಕೆಲಕಾಲ ತಡೆ ಬಿತ್ತು. ದಾದಿ, ಎಂಜಿನಿಯರು, ವ್ಯಾಪಾರಿ ಮುಂತಾದ ಪೌರರ ಸಮಿತಿ ತಿಂಗಳುಗಟ್ಟಲೆ ವಿಚಾರ ನಡೆಸಿ, ತಕ್ಕ ಕಟ್ಟುಪಾಡಿನೊಡನೆ ಕೆಲಸ ಸಾಗಲಿ ಎಂದಿತು. 1977ರಲ್ಲಿ ನಗರಸಭೆ ಅದನ್ನೇ ಶಾಸನ ಮಾಡಿತು.

ಊರಿನ ಪ್ರಶ್ನೆಯಿಂದ ವಿದ್ಯೆ ಸೊರಗಲಿಲ್ಲ. 2003ರಲ್ಲಿ ಐಜೆಮ್ ಮೊಳೆತದ್ದು ಅದೇ ಕೇಂಬ್ರಿಜ್‌ನ ಎಂಐಟಿ ಸಂಸ್ಥೆಯ ಪಾಠಕ್ರಮವಾಗಿ. ಸ್ಪರ್ಧೆಗೆ ಬರುವ ವಿದ್ಯಾರ್ಥಿಗಳು ಇಂದು ಸುರಕ್ಷತೆಯ ವಿವರವನ್ನೂ ಒಪ್ಪಿಸಬೇಕು.

ನಾಳೆ ನಿಮ್ಮ ಮನೆಯ ಮಕ್ಕಳೇ ಇಂಥ ಕೆಲಸಕ್ಕೆ ಹೊರಟಾರು. ಇದು ಯಾರಿಗಾಗಿ, ತಪ್ಪಿದರೆ ಗತಿಯೇನು ಎಂದು ಕೇಳಿರಿ. ನಮಗೆ ತಿಳಿಯದ ವಿಷಯವೆಂದು ಸಂಕೋಚ ಬೇಡ. ಕೇಂಬ್ರಿಜ್‌ನ ದಾದಿಗೂ ಅದು ಮೊದಲು ತಿಳಿದಿರಲಿಲ್ಲ.