ಪ್ಲೇಟಿನ ಬೇಟೆ

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್, ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಮೊಟ್ಟಮೊದಲ ಬಾರಿಗೆ ಹಾಡಿದರು. ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಕಛೇರಿಯ ಖರ್ಚಿಗೆ ಜಾಮೀನು ನಿಂತವರು ಮಾತ್ರ ಸಭೆಯಲ್ಲಿರಲಿಲ್ಲ, ಮೈಸೂರಿನಲ್ಲಿದ್ದರು. ಆ ಹಾಡುಗಳನ್ನು ಮುದ್ರಿಸಿ ಗ್ರಾಮಾಫೋನ್ ತಟ್ಟೆಗಳನ್ನು ಹಡಗಿನಲ್ಲಿ ಕಳಿಸಿಕೊಡಲಿ ಎಂಬುದೇ ಮಹಾರಾಜ ಜಯಚಾಮರಾಜ ಒಡೆಯರ ಆಸೆಯಾಗಿತ್ತು.

ಅಷ್ಟು ಹೊತ್ತಿಗಾಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಆ ಭಂಡಾರ ನೋಡಿ ಬೆರಗಾಗಿದ್ದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡುವ ಭರವಸೆಯೂ ಅವರಿಗೆ ಸಿಕ್ಕಿತು. ಲಂಡನ್ನಿನಲ್ಲಿ ಮರೆಯಾಗುತ್ತಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್, ಸಾಯುವ ಮೊದಲು ತನ್ನ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ತಾನೇ ನುಡಿಸಿ ಮುದ್ರಿಸಲು ಸಾಧ್ಯವಾದದ್ದು ಮೈಸೂರಿನ ಹಣದಿಂದ. ಮೂರನೆಯದನ್ನು ಆತ ಮಹಾರಾಜರಿಗೇ ಅರ್ಪಿಸಿದ. ಬೇಕಾದ ರೆಕಾರ್ಡು ಅಂಗಡಿಯಲ್ಲಿ ಇಲ್ಲದಿದ್ದರೆ ಅದನ್ನು ಮಾಡಿಸಿಯೇ ತರಿಸಿಕೊಂಡ ಇಂಥ ಸಂಗ್ರಾಹಕರು ಲೋಕದಲ್ಲೇ ಅಪರೂಪ.

ಮೈಸೂರಿಗೂ ಪ್ಲೇಟಿಗೂ ಇದ್ದ ನಂಟು ಇನ್ನೂ ಹಳೆಯದು. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಯಂತ್ರ ಹೂಡಿದಾಗ ಅದರ ಮುಂದೆ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅಚ್ಚು ಹಾಕಲು ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ಗೊತ್ತಾಗಬೇಕಿತ್ತು. ಅದೇ ಗೌಹರ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕೊನೆಯ ದಿನಗಳ ಕಾಗದಪತ್ರ ಅರಮನೆಯ ಕಡತಗಳಲ್ಲಿ ಉಳಿದಿತ್ತು. ಬೆಂಗಳೂರಿನ ಇತಿಹಾಸಕಾರ ವಿಕ್ರಮ್ ಸಂಪತ್ ಅದರ ಜಾಡು ಹಿಡಿದು 2010ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಮುಂದೆ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಕಟ್ಟಿದರು.

ಅರಮನೆಯ ತಟ್ಟೆಗಳಿಗೆ ಕಾವಲಿತ್ತು, ಪಟ್ಟಿಯಿತ್ತು. ಕನ್ನಡದ ತಟ್ಟೆಗಳಿಗೆ ಎರಡೂ ಇರಲಿಲ್ಲ. ಅವು ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ, ಕೈಜಾರಿದರೆ ಚೂರಾಗುವ ವಸ್ತುಗಳು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಹಳ್ಳಿಯವರು ‘ನಾಯಿ ಗುರುತಿನ ಪ್ಲೇಟು’ ಎಂದು ಗುರುತಿಸುತ್ತಿದ್ದ ಈ ಸರಕಿನಲ್ಲಿ ರಂಗಗೀತೆ, ದೇವರನಾಮ, ಆಮೇಲೆ ಪಿ. ಕಾಳಿಂಗರಾಯರ ಭಾವಗೀತೆ ಎಲ್ಲವೂ ಮನೆಮನೆಗೆ ಹೋದವು. ಪುಸ್ತಕದಲ್ಲಿದ್ದ ಕವಿತೆ ಓದು ಬಾರದವರ ಬಾಯಿಗೂ ಬಂದಿತು.

ಅರಗಿನ ತಟ್ಟೆಗಳಲ್ಲಿ ಒಂದು ಪುಟ್ಟ ಗುಂಪಿಗೆ ವಿಶೇಷ ಮಹತ್ವವಿದೆ. 1930ರ ದಶಕದ ಮೊದಲರ್ಧದಲ್ಲಿ ಅದೇ ನಾಯಿ ಗುರುತಿನ ಎಚ್‌ಎಂವಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹುಬ್ಬಳ್ಳಿಯ ಒಬ್ಬ ತರುಣಿಯ ತಟ್ಟೆಗಳನ್ನು ಹೊರತಂದಿತು. ಆ ಗಾಂಧಾರಿಯೇ ಗಂಗೂಬಾಯಿ ಹಾನಗಲ್. ನಾಡು ಬಲ್ಲ ಗಂಗೂಬಾಯಿಯವರದು ಗಡಸು, ಗಂಭೀರ ದನಿ. ರೇಡಿಯೊದಲ್ಲಿ ಮೊದಲ ಸಲ ಕೇಳಿದವರು ಗಂಡಸೇ ಹಾಡುತ್ತಿದ್ದಾರೆಂದು ತಿಳಿಯುವಷ್ಟು. ಗಂಟಲ ಬೇನೆಯೂ ಅದರ ಚಿಕಿತ್ಸೆಯೂ ತಂದ ಬದಲಾವಣೆ ಅದು. ಅದಕ್ಕೂ ಮೊದಲಿನ ಕಂಠ ತೆಳು, ಎತ್ತರದ ಶ್ರುತಿಯದು, ಚುರುಕಾದದ್ದು. ಅದನ್ನು ಕಛೇರಿಯಲ್ಲಿ ಕೇಳಿದ ಪೀಳಿಗೆ ಈಗಿಲ್ಲ. ಕಿರಾನಾ ಘರಾಣೆಯ ಒಬ್ಬ ಮಹಾಗಾಯಕಿಯ ಯೌವನದ ದನಿಗೆ ಈ ಅರಗಿನ ತಟ್ಟೆಗಳಷ್ಟೇ ಸಾಕ್ಷಿ. ಹಳೆ ರೆಕಾರ್ಡು ಹುಡುಕುವುದು ಶೋಕಿಯವರ ಹವ್ಯಾಸ ಎನ್ನುವವರು ಇದೊಂದನ್ನು ಕೇಳಿದರೆ ಸಾಕು.

1960ರ ದಶಕದಲ್ಲಿ ವಿನೈಲ್ ಬಂದಾಗ ಕನ್ನಡ ಚಿತ್ರಗೀತೆಗಳಿಗೆ ಒಗ್ಗಿದ್ದು ಏಳಿಂಚಿನ ಇಪಿ. ನಾಲ್ಕು ಹಾಡು ಹಿಡಿಯುವ, ಜೇಬಿಗೆ ಅಷ್ಟೇನೂ ಭಾರವಾಗದ ತಟ್ಟೆ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್, 1960ರ ದಶಕದ ಆರಂಭದಲ್ಲಿ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಟ್ರಾನ್ಸಿಸ್ಟರು ಬಳಸಿ ಬ್ಯಾಟರಿಯಿಂದ ನಡೆಯುವ ಎಚ್‌ಎಂವಿ ‘ಫಿಯೆಸ್ಟಾ’ದಂಥ ಪುಟ್ಟ ಪ್ಲೇಯರುಗಳು ಬಂದ ಮೇಲೆ ಕರೆಂಟಿಲ್ಲದ ಊರಿನಲ್ಲೂ ಹಾಡು ತಿರುಗಿತು.

ಆದರೆ ಪ್ಲೇಟುಗಳ ನಿಜವಾದ ದೊಡ್ಡ ಗಿರಾಕಿ ಮೈಕ್‌ಸೆಟ್ಟಿನವನು. ಮದುವೆ, ಜಾತ್ರೆ, ಗಣೇಶೋತ್ಸವ, ಚುನಾವಣೆ ಎಲ್ಲಕ್ಕೂ ಅವನ ಕಬ್ಬಿಣದ ಪೆಟ್ಟಿಗೆ ಬೇಕಿತ್ತು. ಟೆಂಟ್ ಸಿನಿಮಾದವರಿಗೂ ಪ್ಲೇಟೇ ಗಂಟೆ: ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿತೆಂದರೆ ಟಿಕೆಟ್ ಕೊಡಲು ಶುರು ಎಂದು ಹಳೆ ಮೈಸೂರಿನ ಊರೂರಿಗೂ ಗೊತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಆಗಿನ ಇಪಿಗಳು ಸೂಜಿ ತಾಗಿ ತಾಗಿ ಬೂದುಬಣ್ಣಕ್ಕೆ ತಿರುಗಿದವು.

1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಆಗಿ ಬಂದಿತು. ಅಲ್ಲಿಂದ ಹತ್ತು ವರ್ಷದೊಳಗೆ, 1987ರ ‘ಪ್ರೇಮಲೋಕ’ದ ಹೊತ್ತಿಗೆ, ಕನ್ನಡಿಗರು ಹಾಡು ಕೊಳ್ಳುವುದೆಂದರೆ ಕ್ಯಾಸೆಟ್ ಕೊಳ್ಳುವುದೆಂದೇ ಆಯಿತು. ಪ್ಲೇಟುಗಳು ಅಟ್ಟ ಸೇರಿದವು.

ಅಟ್ಟಗಳೇ ಇಲ್ಲವಾದಾಗ ಬೇಟೆ ಶುರುವಾಯಿತು. ಬೆಂಗಳೂರಿನ ಅಂಚಿನ ಬ್ಯಾಟರಾಯನಪುರ, ಯಲಹಂಕ ನಗರಸಭೆಗಳು 2007ರಲ್ಲಿ ಬಿಬಿಎಂಪಿಯೊಳಗೆ ಕರಗಿದವು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಬಳ್ಳಾರಿ ರಸ್ತೆಯ ಇಕ್ಕೆಲದ ನೆಲಕ್ಕೆ ಚಿನ್ನದ ಬೆಲೆ ಬಂತು. ಹೆಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಮೊದಲು ಗುಜರಿಗೆ ಹೋಗುವುದು ಅಟ್ಟದ ಸಾಮಾನು. ಗುಜರಿಯವನಿಗೆ ಹಿತ್ತಾಳೆ, ತಾಮ್ರದ ತೂಕ ಗೊತ್ತು. ಪ್ಲೇಟಿಗೆ ತೂಕದ ಲೆಕ್ಕವಿಲ್ಲ. ಹಾಗಾಗಿ ಅವು ಕೈಯಿಂದ ಕೈ ದಾಟಿ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರು ಸೇರುತ್ತವೆ.

ಅಲ್ಲಿ ಕೂತು ಹುಡುಕುವವರ ಕ್ರಮವೇ ಬೇರೆ. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಗೀರು ನೋಡುತ್ತಾರೆ, ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ಸೊಟ್ಟಗಾಗಿದೆಯೇ ಎಂದು ಅಳೆಯುತ್ತಾರೆ. ಚೀಟಿಗಿಂತ ಹೆಚ್ಚಾಗಿ, ಚೀಟಿಯ ಸುತ್ತ ಗೆರೆಯಿಲ್ಲದ ಪಟ್ಟಿಯಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಓದುತ್ತಾರೆ. ಒಂದೇ ಹಾಡನ್ನು ಎರಡು ಬಾರಿ ಮುದ್ರಿಸಿದ್ದರೆ ಅದನ್ನು ಬಯಲು ಮಾಡುವುದು ಆ ಸಂಖ್ಯೆ. ಶಿಲೀಂಧ್ರ ತೊಳೆದರೆ ಹೋಗುತ್ತದೆ, ಅರಗಿನ ತಟ್ಟೆಗೆ ಸ್ಪಿರಿಟ್ ಮಾತ್ರ ಸೋಕಿಸಬಾರದು, ಕರಗಿಬಿಡುತ್ತದೆ.

ಹೊರದೇಶದವರ ಕಣ್ಣೂ ಇಂಥ ರಾಶಿಗಳ ಮೇಲಿದೆ. ಬ್ರಿಟನ್ನಿನಲ್ಲಿ 78ರ ಕಾಲ ಮುಗಿದಿದ್ದ 1960ರ ದಶಕದ ನಡುವೆ ಭಾರತದಲ್ಲಿ ಬೀಟಲ್ಸ್ ಹಾಡುಗಳೂ 78ರ ತಟ್ಟೆಯಲ್ಲಿ ಅಚ್ಚಾದವು. ಅವಕ್ಕೆ ಹೊರದೇಶಗಳಲ್ಲಿ ದೊಡ್ಡ ಬೆಲೆ. ಬೆಂಗಳೂರಿನ ಹೊಸ ಪೀಳಿಗೆಗೋ ಹೊಸ ವಿನೈಲ್ ಬೇಕು. 2024ರಲ್ಲಿ ಮುಂಬಯಿ ಬಳಿ ಮತ್ತೆ ಅಚ್ಚಿನ ಕಾರ್ಖಾನೆ ಶುರುವಾದದ್ದೇ ಅದಕ್ಕೆ ಗುರುತು. ಸಂತೋಷದ ಸಂಗತಿ. ಆದರೆ ಬೀಟಲ್ಸ್ ತಟ್ಟೆ ಒಡೆದರೆ ಹಾಡು ಕಳೆದುಹೋಗುವುದಿಲ್ಲ, ಅದರ ಮೂಲ ಲಂಡನ್ನಿನಲ್ಲಿ ಭದ್ರವಾಗಿದೆ. ಕನ್ನಡ ನಾಟಕದ ಒಂದು ತಟ್ಟೆ ಒಡೆದರೆ ಆ ನಟನ ದನಿಯೇ ಹೋಗಬಹುದು.

ನಾಟಕಗಳ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ದಕ್ಷಿಣದ ಭಾಷೆಗಳಲ್ಲಿ ನಾಟಕವನ್ನು ಸಂಕ್ಷೇಪಿಸಿ ಹಲವು ತಟ್ಟೆಗಳ ಸೆಟ್ಟಾಗಿ ಮಾರುತ್ತಿದ್ದರು. ಮನೆ ಪಾಲಾದಾಗ ಸೆಟ್ಟೂ ಪಾಲಾಯಿತು. ಒಬ್ಬರ ಬಳಿ ಮೊದಲ ದೃಶ್ಯ, ಇನ್ನೊಂದು ಊರಿನ ಇನ್ನೊಬ್ಬರ ಬಳಿ ಕೊನೆಯದು. ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕು, ಮಗ್ಗುಲು ಮಗ್ಗುಲಾಗಿ ಮುದ್ರಿಸಿ ಜೋಡಿಸಿದಾಗಲೇ ನಾಟಕ ಪೂರ್ತಿಯಾಗುತ್ತದೆ. ನಡುವಿನ ಒಂದು ತಟ್ಟೆಗಾಗಿ ಭಾನುವಾರದ ಹುಡುಕಾಟ ಮುಂದುವರಿಯುತ್ತದೆ.